ಡಿಕ್ಕಿಗೆ ಸ್ಥಳಾವಕಾಶ

1978ರ ಜೂನಿನಲ್ಲಿ ಫೋರ್ಡ್ ಸಂಸ್ಥೆಯು ಸುಮಾರು 15 ಲಕ್ಷ ಪಿಂಟೋ, ಬಾಬ್‌ಕ್ಯಾಟ್ ಕಾರುಗಳನ್ನು ದುರಸ್ತಿಗೆಂದು ಹಿಂದಕ್ಕೆ ಕರೆದಾಗ, ಅಮೆರಿಕದ ಊರೊಂದರಲ್ಲಿ ಬೇಲಿಯ ಆಚೀಚೆ ನಿಂತು, ವಿನಯವೇ ಮೂರ್ತಿವೆತ್ತಂತಿದ್ದ ಇಬ್ಬರು ಪಿಂಟೋ ಮಾಲೀಕರು ನಡೆಸಿದ ಸಂಭಾಷಣೆಯಿದು.

“ತಮಗೂ ಪತ್ರ ಬಂದಿತೇ?”

“ಬಂದಿತು, ಹಿಂದಿನಿಂದ ಯಾರೂ ಗುದ್ದದಿರುವ ಪರ್ಯಂತ ನನ್ನದು ಪರಮ ಸುರಕ್ಷಿತ ವಾಹನವೆಂದರಿತು ಸಂತೋಷವಾಯಿತು.”

“ಪೆಟ್ರೋಲ್ ಟ್ಯಾಂಕನ್ನು ಹಿಂಬದಿಯ ಆಕ್ಸಲ್ಲಿಗೂ ಬಂಪರಿಗೂ ನಡುವೆ ಏಕಿಟ್ಟರೋ?”

“ಡಿಕ್ಕಿಗೆ ಸ್ಥಳಾವಕಾಶವಿರಲೆಂದು.”

“ಯಾವ ಡಿಕ್ಕಿಗೆ?”

“ಅದು ಸಂದರ್ಭಾನುಸಾರ. ಈಗ ಟ್ಯಾಂಕಿಗೆ ಪ್ಲಾಸ್ಟಿಕ್ ಕವಚ ತೊಡಿಸುವರಂತೆ.”

“ಇಷ್ಟು ವರ್ಷ ತಡವೇಕೆ?”

“ಲೆಕ್ಕ ಸರಿಹೋಗಬೇಡವೇ? ಅವರ 1973ರ ಟಿಪ್ಪಣಿಯೊಂದರಲ್ಲಿ ಮನುಷ್ಯಪ್ರಾಣಕ್ಕೆ 2 ಲಕ್ಷ ಡಾಲರ್ ಬೆಲೆ ಹಾಕಿದ್ದಾರೆ. ನನ್ನ ಹೆಂಡತಿ ಎಂದಾದರೂ ನನಗೆ ಅಷ್ಟು ಬೆಲೆ ಕೊಟ್ಟಿದ್ದಳೇ?”

“ದುರಸ್ತಿಗೆ ಒಟ್ಟಿಗೇ ಹೋಗೋಣವೇ?”

“ಅವಶ್ಯವಾಗಿ, ಆದರೆ ದಯಮಾಡಿ ತಾವು ಮುಂದೆ ನಡೆಯಿರಿ.”