ಕಂಪೈಲ್ ಭಾವ

ನಮ್ಮ ಕಡೆಯ ಹೋಟೆಲುಗಳಲ್ಲಿ ‘ವಿದೌಟ್’ ಅಂದರೆ ಸಕ್ಕರೆ ಕಾಯಿಲೆಯವರ ಕಾಫಿ. “ಎರಡು ವಿತ್, ಒಂದು ವಿದೌಟ್” ಅಂದರೆ ಮುಗಿಯಿತು, ಮಾಣಿ ಒಳಗೆ ಹೋದ. ಆದರೆ ಮಂಡಗದ್ದೆಯ ಕಂಪೈಲ್ ಭಾವ ಬಾಯಿ ತೆಗೆದನೆಂದರೆ ಮಾಣಿ ಅಲ್ಲೇ ನಿಲ್ಲಬೇಕು. “ಕಾಫಿ. ವಿದೌಟ್ ಸಕ್ಕರೆ, ವಿತ್ ಬೆಲ್ಲ. ವಿದೌಟ್ ನೊರೆ. ಎಮ್ಮೆ ಹಾಲಿದ್ದರೆ ವಿತ್ ಹಾಲು, ಇಲ್ಲದಿದ್ದರೆ ಹಾಲೇ ಬೇಡ. ಡಿಕಾಕ್ಷನ್ ಇವತ್ತಿನದಾ?” ಮಾಣಿ ಎಲ್ಲದಕ್ಕೂ ತಲೆ ಆಡಿಸಿ ಒಳಗೆ ಹೋಗಿ “ಒಂದು ಕಾಫೀ” ಎಂದು ಕೂಗುತ್ತಾನೆ. ಬಂದದ್ದನ್ನು ಒಂದು ಗುಟುಕು ಹೀರಿ ಭಾವ ಮುಖ ಹಿಂಡುತ್ತಾನೆ: “ಡೀಫಾಲ್ಟ್ ಕೊಟ್ಟಿದ್ದಾನೆ.”

ಭಾವನ ಶಬ್ದಕೋಶದಲ್ಲಿ ಡೀಫಾಲ್ಟಿಗಿಂತ ಕೆಟ್ಟ ಬೈಗುಳವಿಲ್ಲ.

ಈ ಜಾತಿಯವರು ಮಂಡಗದ್ದೆಯಲ್ಲಿ ಮಾತ್ರ ಇದ್ದಾರೆಂದು ತಿಳಿಯಬೇಡಿ. ಸಾಗರ, ಹೊಸನಗರ, ತೀರ್ಥಹಳ್ಳಿ ಯಾವ ತಾಲ್ಲೂಕಿಗೆ ಹೋದರೂ ಹೋಬಳಿಗೊಬ್ಬರಾದರೂ ಸಿಗುತ್ತಾರೆ. ಇಂಜಿನಿಯರಿಂಗ್ ಓದಿ ಬೆಂಗಳೂರು ಸೇರಿ, 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಕಂಕುಳಲ್ಲಿ ಅವುಚಿಕೊಂಡು ಊರಿಗೆ ಬಂದು, “ಮುಂದಿನ ತಿಂಗಳು ವಾಪಸು” ಎನ್ನುತ್ತಲೇ ಉಳಿದುಬಿಟ್ಟವರು. ಸೊಂಟದ ಮೇಲೆ ಕಂಪನಿಯ ಟೀ ಶರ್ಟು, ಕೆಳಗೆ ಬರ್ಮುಡಾ, ಮಳೆಗಾಲವಾದರೆ ಟೀ ಶರ್ಟಿನ ಮೇಲೆ ಅಪ್ಪನ ಹಳೆಯ ಸ್ವೆಟರು. ಅಡಿಕೆ ತೋಟವಿದೆ, ತೋಟವನ್ನು ನೋಡಿಕೊಳ್ಳಲು ಅಪ್ಪನಿದ್ದಾನೆ. ಊರಿನ ಅರ್ಧ ಮನೆಗಳಿಗೆ ಈತ ಸಂಬಂಧದಲ್ಲೇ ಭಾವ. ಉಳಿದರ್ಧ ಮನೆಯವರು ಕಂಪ್ಯೂಟರ್ ಕೆಟ್ಟಾಗ ಭಾವ ಎನ್ನುತ್ತಾರೆ.

ಭಾವನ ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್. ಲಿನಕ್ಸಿನಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಒಂದು ಸಾಲು ಟೈಪು ಮಾಡಿದರೆ ಸಿದ್ಧವಾಗಿ ಬಂದು ಕೂರುತ್ತದೆ. ಭಾವನಿಗೆ ಅದು ಮರ್ಯಾದೆಯ ಪ್ರಶ್ನೆ. ಯಾರೋ ಕಟ್ಟಿಕೊಟ್ಟ ಪೊಟ್ಟಣವನ್ನು ಬಿಚ್ಚಿ ತಿನ್ನುವುದು ಅವನ ಜಾಯಮಾನವಲ್ಲ. ಮೂಲ ಕೋಡನ್ನೇ ಇಳಿಸಿಕೊಂಡು, ಯಾವುದು ಬೇಕು ಯಾವುದು ಬೇಡ ಎಂದು ತಾನೇ ತೀರ್ಮಾನಿಸಿ, ತನ್ನ ಯಂತ್ರದಲ್ಲೇ ಕಂಪೈಲ್ ಮಾಡಬೇಕು, ಅಂದರೆ ಕೋಡನ್ನು ಓಡುವ ಪ್ರೋಗ್ರಾಮಾಗಿ ಕಟ್ಟಬೇಕು. ಹೀಗೆ ಮಾಡಿದ ಪ್ರೋಗ್ರಾಮುಗಳಲ್ಲಿ ಅವನಿಗೆ ಅತಿ ಪ್ರಿಯವಾದದ್ದು ಯಾವುದೆಂದು ಕೇಳಿ. ಆಫೀಸಿನ ಕೆಲಸದ್ದಲ್ಲ, ತೋಟದ ಲೆಕ್ಕದ್ದಂತೂ ಅಲ್ಲ. ಸ್ಕ್ರೀನ್ ಸೇವರು!

ಎಕ್ಸ್‌ಸ್ಕ್ರೀನ್‌ಸೇವರ್ ಎಂಬ ಈ ಪ್ರೋಗ್ರಾಮನ್ನು ಜೇಮೀ ಜಾವಿನ್‌ಸ್ಕಿ ಎಂಬ ಅಮೆರಿಕದವನು 1992ರಲ್ಲಿ ಹೊರತಂದ. ನೆಟ್‌ಸ್ಕೇಪ್ ಬ್ರೌಸರ್ ಕಟ್ಟಿದ ಮೊದಲ ತಂಡದಲ್ಲಿದ್ದ ಆಸಾಮಿ. ಆಮೇಲೆ ಸಾಫ್ಟ್‌ವೇರ್ ನೌಕರಿ ಸಾಕೆಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಿಎನ್‌ಎ ಲೌಂಜ್ ಎಂಬ ನೈಟ್ ಕ್ಲಬ್ಬನ್ನು ಕೊಂಡ. ಸ್ಕ್ರೀನ್ ಸೇವರನ್ನು ಮಾತ್ರ ಬಿಡಲಿಲ್ಲ, ಮೂವತ್ತು ವರ್ಷ ದಾಟಿದರೂ ತಿದ್ದುತ್ತಲೇ ಇದ್ದಾನೆ. ಅದರೊಳಗೆ ಇನ್ನೂರಕ್ಕೂ ಹೆಚ್ಚು ಬಗೆಯ ಆಟಗಳಿವೆ. ಯಾರೂ ಮುಟ್ಟದೆ ಬಿಟ್ಟ ಕಂಪ್ಯೂಟರಿನ ಪರದೆಯ ಮೇಲೆ ಅವು ಒಂದೊಂದಾಗಿ ಕುಣಿಯುತ್ತವೆ. “ಕೆಲಸ ಬಿಟ್ಟು ಊರಿಗೆ ಹೋಗುವವನು ಹೀಗೆ ಹೋಗಬೇಕು” ಎಂದು ಭಾವ ಜಾವಿನ್‌ಸ್ಕಿಯ ಉದಾಹರಣೆ ಕೊಡುವುದುಂಟು. ಮಂಡಗದ್ದೆಯಲ್ಲಿ ನೈಟ್ ಕ್ಲಬ್ ಇಡುವ ಯೋಚನೆ ಇದೆಯೇ ಎಂದು ಅವನ ಅಪ್ಪ ಒಮ್ಮೆ ಗಾಬರಿಯಿಂದ ನನ್ನನ್ನು ಕೇಳಿದ್ದರು.

ಕಂಪೈಲ್ ಮಾಡುವ ಮೊದಲು ಕಾನ್ಫಿಗರ್ ಎಂಬ ಶಾಸ್ತ್ರವಿದೆ. ಭಾವನ ಜೀವನದ ಸಾರವೆಲ್ಲ ಇರುವುದು ಅಲ್ಲೇ. ಈ ಕಾನ್ಫಿಗರ್ ನಿಮ್ಮ ಯಂತ್ರದಲ್ಲಿ ಯಾವ ಲೈಬ್ರರಿ (ಪ್ರೋಗ್ರಾಂ ನೆಚ್ಚಿಕೊಳ್ಳುವ ಸಿದ್ಧ ಕೋಡು) ಇದೆ, ಯಾವುದು ಇಲ್ಲ ಎಂದು ನಿಮ್ಮನ್ನು ಕೇಳುವುದಿಲ್ಲ; ತಾನೇ ಪರೀಕ್ಷೆ ಮಾಡುತ್ತದೆ. ಅಂಗೈಯಗಲದ ಒಂದು ಸಿ ಪ್ರೋಗ್ರಾಮನ್ನು ಬರೆದು, ಕಂಪೈಲ್ ಮಾಡಿ ನೋಡಿ, ಆದರೆ ‘ಎಸ್’, ಆಗದಿದ್ದರೆ ‘ನೋ’ ಎಂದು ಬರೆದು ಮುಂದಕ್ಕೆ ಹೋಗುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸಿದವರಿಗೆ ಇದು ಬೇಗ ತಿಳಿಯುತ್ತದೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಆದರೂ ಹದ ಬಂದಿದೆಯೋ ಎಂದು ನೋಡಲು ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆಯುತ್ತಾರೆ. ಕತ್ತಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು. ಕಾನ್ಫಿಗರ್ ಮಾಡುವುದೂ ಅದನ್ನೇ, ಪ್ರತಿಯೊಂದು ಲೈಬ್ರರಿಗೂ ಒಂದೊಂದು ಸಲ ಕತ್ತಿ ಅದ್ದುವುದು.

ಅಪ್ಪ ಹೊರಗೆ ಡ್ರಮ್ಮಿಗೆ ಕತ್ತಿ ಅದ್ದುತ್ತಿರುವಾಗ ಮಗ ಒಳಗೆ ‘ನೋ’ ಎಂದು ಬಂದ ಸಾಲುಗಳನ್ನು ಎಣಿಸುತ್ತಿರುತ್ತಾನೆ. ಪ್ರತಿ ‘ನೋ’ಗೂ ಒಂದು ಲೈಬ್ರರಿಯನ್ನು ಇಳಿಸಬೇಕು, ಇಳಿಸಿ ಮತ್ತೆ ಕಾನ್ಫಿಗರ್ ಓಡಿಸಬೇಕು. ಅಷ್ಟರಲ್ಲಿ ನೆಟ್ ಹೋಗುತ್ತದೆ. ನೆಟ್ ಬಂದಾಗ ಕರೆಂಟು ಹೋಗುತ್ತದೆ. “ಔಷಧಿ ಹೊಡೆಯೋರು ಬಂದಿದಾರೆ, ಪೈಪು ಹಿಡಿಯೋಕೆ ಒಬ್ರು ಬೇಕಿತ್ತು” ಎಂದು ಅಪ್ಪ ಕಿಟಕಿಯ ಹೊರಗಿಂದ ಹೇಳುತ್ತಾರೆ. “ಡಿಪೆಂಡೆನ್ಸಿ ಮುಗೀಲಿ ಅಪ್ಪ” ಎಂದು ಒಳಗಿಂದ ಉತ್ತರ.

ಆಯ್ಕೆಗಳ ಪಟ್ಟಿ ಎದುರಿಗಿದ್ದಾಗ ಭಾವನ ಕಣ್ಣಿನ ಹೊಳಪು ನೋಡಬೇಕು. ‘ವಿತ್’ ಎಂದರೆ ಸೇರಿಸು, ‘ವಿದೌಟ್’ ಎಂದರೆ ಬಿಡು. ಹಲವು ಮಾನಿಟರುಗಳಿರುವವರಿಗೆಂದು ಕ್ಸಿನರಾಮಾ ಎಂಬ ಸೌಲಭ್ಯವಿದೆ. ಭಾವನಿಗಿರುವುದು ಒಂದೇ ಮಾನಿಟರು. ಆದರೂ ವಿತ್ ಕ್ಸಿನರಾಮಾ! “ನಾಳೆ ಇನ್ನೊಂದು ತಗೊಂಡ್ರೆ?” ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸಾವಿರಾರು ಜನರ ಪಾಸ್‌ವರ್ಡ್ ಕಾಯುವ ಕರ್ಬರೋಸ್ ಎಂಬ ವ್ಯವಸ್ಥೆಯಿದೆ. ಗ್ರೀಕರ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರು ಅದು. ಭಾವನ ಮನೆಯ ಅಂಗಳದಲ್ಲಿ ಮಲಗಿರುವುದು ಒಂದೇ ತಲೆಯ ನಾಯಿ, ಅದೂ ಪೋಸ್ಟ್‌ಮ್ಯಾನ್ ಬಂದರೆ ಬಾಲ ಆಡಿಸುತ್ತದೆ. ಆದರೂ ವಿತ್ ಕರ್ಬರೋಸ್.

ಸೋನಾರ್ ಎಂಬ ಆಟದ ಕತೆ ಇನ್ನೂ ಚೆಂದ. ನೆಟ್‌ವರ್ಕಿನಲ್ಲಿ ಇರುವ ಕಂಪ್ಯೂಟರುಗಳಿಗೆಲ್ಲ ‘ಇದ್ದೀಯಾ?’ ಎಂಬ ಪಿಂಗ್ ಕಳಿಸಿ, ಉತ್ತರ ಕೊಟ್ಟವರನ್ನು ಹಸಿರು ಪರದೆಯ ಮೇಲೆ ಚುಕ್ಕೆಯಾಗಿ ತೋರಿಸುತ್ತದೆ. ಆದರೆ ಅದಕ್ಕೆ ಯಂತ್ರದ ಸರ್ವಾಧಿಕಾರ ಬೇಕು. ಆ ಅಧಿಕಾರವನ್ನು ಕಾನ್ಫಿಗರ್ ಮಾಡುವಾಗಲೇ ಬಾಯಿಬಿಟ್ಟು ಕೇಳಬೇಕು, ತಾನಾಗಿ ಸಿಗುವುದಿಲ್ಲ. ಭದ್ರತೆಯ ಸಾಧಕ ಬಾಧಕಗಳನ್ನು ನನಗೆ ಅರ್ಧ ದಿನ ವಿವರಿಸಿ ಭಾವ ಅಧಿಕಾರ ಕೊಟ್ಟ. ಸೋನಾರ್ ಗರಗರ ತಿರುಗಿತು. ಪರದೆಯ ಮೇಲೆ ಕಂಡದ್ದು ಎರಡು ಚುಕ್ಕೆ. ಒಂದು ಅಟ್ಟದ ಮೇಲಿನ ರೂಟರು. ಇನ್ನೊಂದು ಬಚ್ಚಲೊಲೆಯ ಮುಂದೆ ಕೂತು ಯಕ್ಷಗಾನ ನೋಡುತ್ತಿದ್ದ ಅಜ್ಜಿಯ ಫೋನು.

ಅಜ್ಜಿಗೂ ಸ್ಕ್ರೀನ್ ಸೇವರಿಗೂ ನಿಜವಾಗಿ ಜಗಳ ಹತ್ತಿದ್ದು ಅಜ್ಜನ ಫೋಟೋದಿಂದ. ಆಟಗಳಿಗೆ ಚಿತ್ರ ಒದಗಿಸಲು ಯಾವ ಫೋಲ್ಡರನ್ನು ನೋಡಬೇಕೆಂದು ಕಂಪೈಲ್ ಮಾಡುವಾಗಲೇ ಹೇಳಿಡಬಹುದು. ಭಾವ ಮನೆಯ ಹಳೆಯ ಆಲ್ಬಮ್ಮನ್ನೆಲ್ಲ ಸ್ಕ್ಯಾನ್ ಮಾಡಿಟ್ಟ ಫೋಲ್ಡರನ್ನು ತೋರಿಸಿದ. ಜೆಪೆಗ್ ಚಿತ್ರ ಓದುವ ಲೈಬ್ರರಿಯನ್ನೂ ಸೇರಿಸಿದ. ಉದ್ದೇಶ ಒಳ್ಳೆಯದೇ, ಅಜ್ಜಿ ಜಗಲಿಯಲ್ಲಿ ಕೂತು ಹಳೆಯ ಫೋಟೋ ನೋಡಲಿ ಎಂದು. ಮೊದಲು ಬಂದದ್ದು ಅಜ್ಜ, ಕರಿ ಕೋಟು, ರುಮಾಲು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಕೈ ಮುಗಿದರು. ಅಷ್ಟರಲ್ಲಿ ‘ಡೀಕೇಸ್ಕ್ರೀನ್’ ಎಂಬ ಆಟ ಶುರುವಾಯಿತು. ಅದರ ಕಸುಬೇ ಪರದೆಯ ಚಿತ್ರವನ್ನು ಕರಗಿಸುವುದು. ಅಜ್ಜನ ರುಮಾಲು ಹಣೆಗೆ ಇಳಿಯಿತು, ಹಣೆ ಮೀಸೆಗೆ ಇಳಿಯಿತು, ಮೀಸೆ ಕೋಟಿನ ಗುಂಡಿಯ ಮೇಲೆ ಸುರಿಯಿತು.

“ಎಂತದಾ ಮಾಣಿ ಇದು! ಅಜ್ಜನ್ನ ಕರಗ್ಸಿ ಹಾಕ್ತಾ ಇದೀಯಲ್ಲಾ!”

“ಅಜ್ಜೀ, ಅದು ರ‍್ಯಾಂಡಮ್. ನಾನು ಮಾಡಿದ್ದಲ್ಲ.”

“ನೀ ಅಲ್ದೆ ಮತ್ಯಾರು ಮಾಡಿದ್ದು? ಮೊನ್ನೆಯಿಂದ ಅದನ್ನೇ ಕುಟ್ತಾ ಕೂತಿದೀಯಲ್ಲ!”

ಅದೇ ರಾತ್ರಿ ಎಲ್ಲವನ್ನೂ ಅಳಿಸಿ, ವಿದೌಟ್ ಜೆಪೆಗ್ ಎಂದು ಹೊಸದಾಗಿ ಕಂಪೈಲ್ ಮಾಡಲಾಯಿತು. ಫೋಲ್ಡರಿನ ಹೆಸರು ಬದಲಿಸಿದ್ದರೆ ಸಾಕಿತ್ತಲ್ಲ ಮಾರಾಯ ಎಂದು ನಾನೆಂದೆ. ಭಾವ ನನ್ನನ್ನು ನೋಡಿದ ನೋಟದಲ್ಲಿ ಕರುಣೆಯೇ ಹೆಚ್ಚಿತ್ತು.

ಅಪ್ಪನ ಸರದಿ ಬಂದದ್ದು ಬಿಎಸ್‌ಒಡಿ ಎಂಬ ಆಟದಿಂದ. ವಿಂಡೋಸಿನ ನೀಲಿ ಪರದೆ ಮೊದಲುಗೊಂಡು ನಾನಾ ಕಾಲದ ನಾನಾ ಕಂಪ್ಯೂಟರುಗಳು ಸಾಯುವಾಗ ಹೇಗೆ ಕಂಡವೋ ಅದನ್ನೆಲ್ಲ ತದ್ರೂಪು ನಟಿಸಿ ತೋರಿಸುವ ಆಟ ಅದು. ಮಗ ಊಟಕ್ಕೆ ಎದ್ದಾಗ ಪರದೆ ನೀಲಿಯಾಯಿತು. ಮಗನ ಅನ್ನಕ್ಕೇ ಕುತ್ತು ಬಂತೆಂದು ತಿಳಿದ ಅಪ್ಪ, ಯಾರೋ ಎಂದೋ ಹೇಳಿದ್ದನ್ನು ನೆನಪಿಟ್ಟುಕೊಂಡು, ಪ್ಲಗ್ಗನ್ನೇ ಕಿತ್ತರು. ಪರದೆಯ ಹಿಂದೆ ಮುಕ್ಕಾಲು ಪಾಲು ಆಗಿದ್ದ ಇನ್ನೊಂದು ಕಂಪೈಲ್ ಅಲ್ಲಿಗೆ ಸಮಾಪ್ತಿ. ಇಬ್ಬರೂ ಎರಡು ದಿನ ಅಜ್ಜಿಯ ಮೂಲಕ ಮಾತಾಡಿದರು.

ಇಷ್ಟರಲ್ಲೂ ಪ್ಯಾಮ್ ಪ್ರಕರಣವನ್ನು ಮೀರಿಸಿದ್ದು ಇನ್ನೊಂದಿಲ್ಲ. ಸ್ಕ್ರೀನ್ ಸೇವರ್ ಪರದೆಗೆ ಬೀಗವನ್ನೂ ಹಾಕುತ್ತದೆ. ತೆರೆಯಲು ನೀವು ಕೊಟ್ಟ ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ಲಿನಕ್ಸಿನಲ್ಲಿ ಹೇಳುವ ಅಧಿಕಾರಿಯೇ ಪ್ಯಾಮ್. ಕಂಪೈಲ್ ಮಾಡುವಾಗ ವಿತ್ ಪ್ಯಾಮ್ ಎಂದರಷ್ಟೇ ಸಾಲದು. ಇಟಿಸಿ ಎಂಬ ಫೋಲ್ಡರಿನೊಳಗೆ, ಪ್ಯಾಮಿನ ವಿಭಾಗದಲ್ಲಿ, ಸ್ಕ್ರೀನ್ ಸೇವರಿನ ಹೆಸರಿಗೆ ಒಂದು ಸಣ್ಣ ಫೈಲೂ ಇರಬೇಕು. ಇನ್‌ಸ್ಟಾಲ್ ಮಾಡುವಾಗ ಅದು ತಾನೇ ಹೋಗಿ ಕೂರುತ್ತದೆ. ಆದರೆ “ನನ್ನನ್ನು ಕೇಳದೆ ಇಟಿಸಿಯೊಳಗೆ ಯಾವನೂ ಕೈ ಹಾಕಬಾರದು” ಎಂಬುದು ಭಾವನ ವ್ರತ. ಫೈಲು ಇರದಿದ್ದಾಗ ಪ್ಯಾಮ್ ‘ಇತರೆ’ ಎಂಬ ಬಾಬಿನ ನಿಯಮ ನೋಡುತ್ತದೆ. ಭಾವನ ಯಂತ್ರದಲ್ಲಿ ಇತರೆಯವರಿಗೆ ಒಂದೇ ನಿಯಮ: ಯಾರನ್ನೂ ಒಳಗೆ ಬಿಡಬೇಡ.

ಆಫೀಸಿನ ಮೀಟಿಂಗಿಗೆ ಐದು ನಿಮಿಷವಿದೆ ಎನ್ನುವಾಗ ಪರದೆಗೆ ಬೀಗ ಬಿತ್ತು. ಭಾವ ಪಾಸ್‌ವರ್ಡ್ ಹೊಡೆದ. ತಪ್ಪು ಎಂದಿತು. ನಿಧಾನವಾಗಿ ಹೊಡೆದ, ಒಂದೇ ಬೆರಳಲ್ಲಿ ಹೊಡೆದ, ಕೊನೆಗೆ ಬಾಯಲ್ಲಿ ಒಂದೊಂದೇ ಅಕ್ಷರ ಹೇಳುತ್ತಾ ಹೊಡೆದ. ಮನೆಮಂದಿಗೆಲ್ಲ ಪಾಸ್‌ವರ್ಡ್ ಗೊತ್ತಾಯಿತು, ಕಂಪ್ಯೂಟರೊಂದನ್ನು ಬಿಟ್ಟು. “ಬಾಗಿಲಿಗೇ ಚಿಲಕ ಹಾಕದ ಮನೆ ಇದು. ಇದಕ್ಕೆಂತಕ್ಕೆ ಬೀಗ?” ಎಂದು ಅಪ್ಪ ಕೇಳಿದ್ದು ಆಗಲೇ. ಆಮೇಲೆ ಕಂಟ್ರೋಲ್, ಆಲ್ಟ್, ಎಫ್2 ಒಟ್ಟಿಗೆ ಒತ್ತಿ, ಕಪ್ಪು ಪರದೆಯ ಕನ್ಸೋಲಿಗೆ ಲಾಗಿನ್ ಆಗಿ, ತಾನೇ ಹೆತ್ತ ಸ್ಕ್ರೀನ್ ಸೇವರನ್ನು ತಾನೇ ಕೊಂದು ಭಾವ ಮೀಟಿಂಗ್ ಸೇರಿದ. ಹಿಂದೆ ಅಜ್ಜಿ ಸಮಾಧಾನ ಹೇಳುವುದು ಅಲ್ಲಿದ್ದವರಿಗೆಲ್ಲ ಕೇಳಿಸುತ್ತಿತ್ತಂತೆ.

ಅಷ್ಟಕ್ಕೂ ಸ್ಕ್ರೀನ್ ಸೇವರ್ ಈಗ ಯಾರಿಗೆ ಬೇಕು? ಹಳೆಯ ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಒಳಗಿನ ಫಾಸ್ಫರ್ ಲೇಪ ಸವೆದು ಕಲೆ ಉಳಿಯುತ್ತಿತ್ತು. ಅದನ್ನು ತಪ್ಪಿಸಲು ಹುಟ್ಟಿದ ಉಪಾಯ ಇದು. ಈಗಿನ ಚಪ್ಪಟೆ ಎಲ್‌ಸಿಡಿ ಪರದೆಗೆ ಆ ಭಯವಿಲ್ಲ, ಆರಿಸಿಟ್ಟರೆ ಆಯಿತು. ಮಳೆಗಾಲದ ಮಂಡಗದ್ದೆಯಲ್ಲಂತೂ ಆರಿಸುವ ಕೆಲಸವನ್ನೂ ಕರೆಂಟೇ ವಹಿಸಿಕೊಂಡಿದೆ. ನೋಡಲು ಚಲಿಸುವ ಚಿತ್ರವೇ ಬೇಕೆಂದರೆ ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ಪಕ್ಕದಲ್ಲೇ ಪಕ್ಷಿಧಾಮವಿದೆ. ತುಂಗೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮಳೆಗಾಲವೆಲ್ಲ ಗೂಡು ಕಟ್ಟಿ ಗಲಾಟೆ ಎಬ್ಬಿಸುತ್ತವೆ. ದೂರದ ಊರಿನವರು ಕಾರು ನಿಲ್ಲಿಸಿ ನೋಡುತ್ತಾರೆ. ಇದನ್ನು ಹೇಳಿದರೆ ಭಾವ, “ಅದರಲ್ಲಿ ಆಪ್ಷನ್ನೇ ಇಲ್ಲ. ಬಂದಷ್ಟು ಹಕ್ಕಿ ನೋಡಬೇಕು” ಎನ್ನುತ್ತಾನೆ.

ಇಷ್ಟೆಲ್ಲ ಸೇರಿಸಿ, ಬಿಟ್ಟು, ಕಟ್ಟಿ, ಕೆಡವಿ, ಇನ್ನೂರು ಆಟಗಳ ಸ್ಕ್ರೀನ್ ಸೇವರನ್ನು ಸಿದ್ಧಮಾಡಿದ ಭಾವ ಕೊನೆಗೆ ಅದನ್ನು ಇಟ್ಟುಕೊಂಡದ್ದು ಹೇಗೆ ಎಂದರೆ, ‘ಬ್ಲ್ಯಾಂಕ್ ಸ್ಕ್ರೀನ್ ಓನ್ಲಿ’. ಬರೀ ಕಪ್ಪು. ಯುಪಿಎಸ್ ಸ್ವಲ್ಪ ಹೆಚ್ಚು ಹೊತ್ತು ಬಾಳಲಿ ಎಂದು. “ಆದರೆ ಇದು ನಾನು ಆರಿಸಿದ ಕಪ್ಪು” ಎಂದು ಅವನು ಹೇಳಿದಾಗ ನಗಬಾರದು, ಗಂಭೀರವಾಗಿಯೇ ಹೇಳುತ್ತಾನೆ.

ನ್ಯಾಯವಾಗಿ ಹೇಳಬೇಕೆಂದರೆ ಭಾವನ ಪಕ್ಷದಲ್ಲೂ ಹುರುಳಿದೆ. 2016ರಲ್ಲಿ ಡೆಬಿಯನ್ ಎಂಬ ಲಿನಕ್ಸಿನವರು ಹಂಚುತ್ತಿದ್ದ ಸಿದ್ಧ ಪೊಟ್ಟಣದಲ್ಲಿ ಈ ಸ್ಕ್ರೀನ್ ಸೇವರಿನ ಹಳೆಯ ಆವೃತ್ತಿಯಿತ್ತು. ತಾನು ಎಂದೋ ಸರಿಪಡಿಸಿದ ದೋಷಗಳಿಗೆ ಜನ ಇನ್ನೂ ತನ್ನನ್ನೇ ದೂರುತ್ತಾರೆಂದು ಬೇಸತ್ತ ಜಾವಿನ್‌ಸ್ಕಿ, ಆವೃತ್ತಿ ತೀರಾ ಹಳತಾದರೆ ಪರದೆಯ ಮೇಲೇ ಎಚ್ಚರಿಕೆ ಬರುವ ಹಾಗೆ ಮೊದಲೇ ಮಾಡಿಟ್ಟಿದ್ದ. ಎಚ್ಚರಿಕೆ ಬಂತು, ಡೆಬಿಯನ್ನಿನವರು ಸಿಟ್ಟಾದರು, ಹೊಸದನ್ನು ಕೊಡಿ ಇಲ್ಲವೇ ನನ್ನದನ್ನು ತೆಗೆದುಬಿಡಿ ಎಂದು ಇವನೂ ಸಿಟ್ಟಾದ. ಹೊಸ ಆವೃತ್ತಿಯನ್ನು ಮೂಲದಿಂದಲೇ ಕಟ್ಟಿಕೊಂಡವರಿಗೆ ಆ ಗಲಾಟೆ ತಟ್ಟಲೇ ಇಲ್ಲ. ಊರಲ್ಲೂ ಅಷ್ಟೆ. ಪಕ್ಕದ ಮನೆಯ ಹುಡುಗಿಯ ಹಳೇ ಲ್ಯಾಪ್‌ಟಾಪು ಗುಜರಿಗೆ ಹೋಗುವುದರಲ್ಲಿತ್ತು. ಭಾವ ಅದರೊಳಗಿನ ಬೇಡದ್ದನ್ನೆಲ್ಲ ಒಂದೊಂದಾಗಿ ವಿದೌಟ್ ಮಾಡಿಕೊಟ್ಟ. ಅವಳು ಅದರಲ್ಲೇ ಓದಿ ಡಿಗ್ರಿ ಮುಗಿಸಿದಳು. ಏನು ಕೊಟ್ಟರೂ ಹಾಗೇ ನುಂಗುವ ನಮ್ಮ ನಡುವೆ, ಇದು ನನಗೆ ಬೇಕಾ ಎಂದು ಕೇಳುವವನು ಹೋಬಳಿಗೊಬ್ಬನಾದರೂ ಇರಬೇಕು.

ಆದ್ದರಿಂದ ನಿಮ್ಮ ಕಂಪ್ಯೂಟರ್ ಕೆಟ್ಟರೆ ಸಂಕೋಚವಿಲ್ಲದೆ ಮಂಡಗದ್ದೆಗೆ ಬನ್ನಿ. ಭಾವ ದುಡ್ಡು ಮುಟ್ಟುವುದಿಲ್ಲ, ಅಜ್ಜಿ ಊಟ ಹಾಕದೆ ಕಳಿಸುವುದಿಲ್ಲ. ಒಂದೇ ಎಚ್ಚರಿಕೆ: ಪ್ಯಾಮ್ ಅಂದರೇನು ಎಂದು ಬಾಯಿತಪ್ಪಿಯೂ ಕೇಳಬೇಡಿ, ಶಿವಮೊಗ್ಗದ ಕೊನೆಯ ಬಸ್ಸು ತಪ್ಪುತ್ತದೆ.