ಗಿಡಮೂಲಿಕೆ ತಾನೇ, ಏನಾಗುತ್ತೆ?

ಶುಗರ್ ಬಂದಿದೆ ಅಂತ ಒಮ್ಮೆ ಬಾಯಿಬಿಟ್ಟು ನೋಡಿ. ಸಾಲ ಕೇಳಿದರೆ ಓಣಿ ಬದಲಿಸುವ ನಂಟರೆಲ್ಲ ಸೊಪ್ಪು ಹಿಡಿದು ಬಾಗಿಲಿಗೆ ಬರುತ್ತಾರೆ. ಚಿಕ್ಕಮ್ಮ ನೇರಳೆ ಬೀಜದ ಪುಡಿ ಕಳಿಸುತ್ತಾರೆ, ಎದುರುಮನೆಯವರು ಇನ್ಸುಲಿನ್ ಗಿಡವನ್ನು ಕುಂಡದ ಸಮೇತ ತಂದಿಡುತ್ತಾರೆ, ಷಡ್ಡಕ ಹೊನ್ನೆ ಮರದ ಲೋಟ ಕೊಟ್ಟು ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯಿರಿ ಅನ್ನುತ್ತಾನೆ. ಲಾಲ್‌ಬಾಗ್ ಗೇಟಿನ ಹೊರಗೆ ಹಾಗಲಕಾಯಿ ರಸದವರಂತೂ ಇದ್ದೇ ಇದ್ದಾರೆ. ಎಲ್ಲರದೂ ಒಂದೇ ಗ್ಯಾರಂಟಿ: "ಗುಣ ಖಂಡಿತ, ಸೈಡ್ ಎಫೆಕ್ಟ್ ಇಲ್ಲ."

ಅಂದರೆ ಈ ಸೊಪ್ಪು ಮೈಯೊಳಗೆ ಹೋಗಿ ಏನೋ ಮಾಡುತ್ತೆ ಅಂತಲೂ ನಂಬಬೇಕು, ಏನೂ ಮಾಡಲ್ಲ ಅಂತಲೂ ನಂಬಬೇಕು. ಶುಗರ್ ಬಂದಿರುವ ನಮ್ಮ ಭಾವನವರಿಗೆ ಇದು ಕಷ್ಟವೇ ಅಲ್ಲ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಕಂಡರೆ ಮಾತ್ರ "ಇಂಗ್ಲಿಷ್ ಔಷಧಿ ಕಣಯ್ಯ" ಅಂತ ಮುಖ ಸಿಂಡರಿಸುತ್ತಾರೆ.

"ಭಾವಾ, ಅದಕ್ಕೂ ಗಿಡದ ಸಂಬಂಧ ಇದೆ. ಯುರೋಪಿನ ಗೆಲೀಗ ಅನ್ನೋ ಗಿಡದಲ್ಲಿರೋ ಸತ್ವದ ಬಂಧು ಈ ಮೆಟ್‌ಫಾರ್ಮಿನ್. 1922ರಲ್ಲಿ ಲ್ಯಾಬಿನಲ್ಲಿ ಮಾಡಿದ್ದು."

"ಹೌದೇ? ಹಾಗಾದ್ರೆ ಆ ಗಿಡಾನೇ ತರಿಸು."

"ಅದನ್ನ ತಿಂದು ಕುರಿಗಳು ಸತ್ತಿವೆ."

ಭಾವ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಇನ್ಸುಲಿನ್ ಗಿಡದ ವಿಷಯಕ್ಕೆ ಬಂದರೆ, ಅದರ ಎಲೆಯಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಪ್ರಯೋಜನವಿರಲಿಲ್ಲ, ಇನ್ಸುಲಿನ್ ಒಂದು ಪ್ರೋಟೀನು, ಹೊಟ್ಟೆಗೆ ಇಳಿದರೆ ಬೇಳೆಯ ಜೊತೆಗೇ ಜೀರ್ಣವಾಗಿ ಹೋಗುತ್ತದೆ. ಬಾಯಿಂದ ಕೆಲಸ ನಡೆಯುವಂತಿದ್ದರೆ ಇಷ್ಟು ವರ್ಷ ಜನ ಹೊಟ್ಟೆಗೆ ಸೂಜಿ ಚುಚ್ಚಿಕೊಂಡದ್ದು ಯಾವ ಸುಖಕ್ಕೆ? ಮೆಂತ್ಯ ಪಾಪದ್ದು, ಒಳ್ಳೆಯದು. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1990ರ ಸುಮಾರಿಗೆ ಅದನ್ನು ಪರೀಕ್ಷಿಸಿದಾಗ ಕೊಟ್ಟದ್ದು ಕೊಬ್ಬು ತೆಗೆದ ಪುಡಿ, ದಿನಕ್ಕೆ 100 ಗ್ರಾಂ. ನಮ್ಮ ಭಾವ ರಾತ್ರಿ ಏಳೆಂಟು ಕಾಳು ನೆನೆಹಾಕಿ, ಬೆಳಿಗ್ಗೆ ಅದರ ಬಲದ ಮೇಲೆ ಎರಡು ಬೆಣ್ಣೆ ದೋಸೆ ಹೊಡೆಯುತ್ತಾರೆ.

ನನಗೆ ಇದರಲ್ಲೆಲ್ಲ ಮೆಚ್ಚುಗೆಯಾದದ್ದು ಮಧುನಾಶಿನಿ. ಹಸಿ ಎಲೆ ಎರಡು ಅಗಿದು ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿ, ಬರೀ ಮರಳು. ಅದರೊಳಗಿನ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗುರುತಿಸುವ ಜಾಗದಲ್ಲಿ ಹೋಗಿ ಕೂತುಬಿಡುತ್ತವೆ, ಅರ್ಧ ಗಂಟೆ ಮೇಲೇಳುವುದಿಲ್ಲ. ಭಾವನವರು ಮದುವೆ ಊಟಕ್ಕೆ ಮುಂಚೆ ಇದನ್ನೇ ಅಗಿದು ಪಂಕ್ತಿಯಲ್ಲಿ ಕೂತರು. ಚಿರೋಟಿ ಸಪ್ಪೆಯಾಯಿತು. ಸಪ್ಪೆಯಾದ್ದರಿಂದ ದೋಷವಿಲ್ಲ ಅಂತ ಎರಡನೆಯದೂ ಹಾಕಿಸಿಕೊಂಡರು. ನಾಲಿಗೆಗೆ ಮಾಡಿದ ಮೋಸ ರಕ್ತಕ್ಕೆ ತಿಳಿಯುವುದಿಲ್ಲ ಅನ್ನುವುದನ್ನು ಪಂಕ್ತಿಯಲ್ಲಿ ಯಾರು ಹೇಳಬೇಕು!

ಎಲೆ ರಕ್ತದ ಮೇಲೂ ಒಂದಿಷ್ಟು ಕೆಲಸ ಮಾಡುವುದು ಸಣ್ಣಪುಟ್ಟ ಪ್ರಯೋಗಗಳಲ್ಲಿ ಕಂಡಿದೆ. ಪಜೀತಿ ಇರುವುದೇ ಅಲ್ಲಿ. ಭಾವನವರು ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನೂ ನುಂಗಿ, ಹಾಗಲ ರಸವನ್ನೂ ಕುಡಿದು, ಮಧುನಾಶಿನಿ ಪುಡಿಯನ್ನೂ ನೆಕ್ಕಿ, ಏಕಾದಶಿ ಅಂತ ಊಟವನ್ನೂ ಬಿಟ್ಟರು. ಸಂಜೆಗೆ ಕೈ ನಡುಕ, ತಣ್ಣನೆ ಬೆವರು, ಅಕ್ಕನ ಮೇಲೆ ಕಾರಣವಿಲ್ಲದ ರೇಗಾಟ. ರೇಗಾಟ ದಿನದ್ದೇ ಆದ್ದರಿಂದ ಯಾರೂ ಗಮನಿಸಲಿಲ್ಲ. ಬೆವರು ನೋಡಿ ಅಕ್ಕ ಮೀಟರ್ ತಂದಳು. 70ಕ್ಕಿಂತ ಕೆಳಗಿದ್ದರೆ ಲೋ ಶುಗರ್, ಇವರದು ಇನ್ನೂ ಕೆಳಗೆ. ಮೂರು ಚಮಚ ಸಕ್ಕರೆ ಕದಡಿ ಕುಡಿಸಿದಳು. "ಏನೇ ಇದು, ಮರಳು ನೀರು!" ಅಂದರು ಭಾವ. ಸಂಜೆಯೂ ನೆಕ್ಕಿದ್ದ ಪುಡಿಯ ಮಹಿಮೆ! ಕಾಲು ಗಂಟೆ ಬಿಟ್ಟು ಮತ್ತೆ ಬೆರಳು ಚುಚ್ಚಿ ನೋಡಿದರೆ ಏರಿತ್ತು. ಹೀಗಾದಾಗ ಎಚ್ಚರವಿದ್ದರೆ ಮಾತ್ರ ಕುಡಿಸಬೇಕು; ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು.

ಕಹಿಯೆಲ್ಲ ಔಷಧಿ ಅನ್ನುವ ನಮ್ಮ ನಂಬಿಕೆಯೂ ಕಡಿಮೆಯದಲ್ಲ. ಸೋರೆಕಾಯಿ ರಸ ಕಹಿಯಾಗಿದ್ದರೆ ಉಗಿಯಬೇಕು; ಅದು ಕುಕುರ್ಬಿಟಾಸಿನ್ ಅನ್ನುವ ವಿಷ. 2010ರಲ್ಲಿ ದೆಹಲಿಯಲ್ಲಿ ಇಂಥ ರಸ ಕುಡಿದು ಸಾವಾದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೇ ಎಚ್ಚರಿಸಿತು. ಸೋರೆಗೆ ಹಾಗಲ ಬೆರೆಸಿ ಕುಡಿಯುವ ಶೂರರಿಗೆ ಯಾವ ಕಹಿ ಯಾರದು ಅಂತ ಗೊತ್ತಾಗುವುದಾದರೂ ಹೇಗೆ? ಮುಖ ಕಿವುಚಿದಷ್ಟೂ ಪುಣ್ಯ ಅಂತ ಗಟಗಟ ಇಳಿಸುತ್ತಾರೆ.

ಇನ್ನು ಬಸ್‌ಸ್ಟ್ಯಾಂಡ್ ಕಂಬದ ಮೇಲಿನ "ಸಕ್ಕರೆ ಕಾಯಿಲೆ ಬುಡಸಮೇತ ಮಾಯ" ಚೀಟಿ. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಕಾನೂನೇ ನಿಷೇಧಿಸಿದೆ. ಕಂಬಕ್ಕೆ ಕಾನೂನು ಓದಲು ಬರುವುದಿಲ್ಲ. ಲೇಬಲ್ಲಿಲ್ಲದ ಪುಡಿ ಎರಡೇ ದಿನದಲ್ಲಿ ಶುಗರ್ ಇಳಿಸಿತೆಂದರೆ ನನಗೆ ಸಂತೋಷವಲ್ಲ, ಅನುಮಾನ ಬರುತ್ತದೆ. 2008ರಲ್ಲಿ ಸಿಂಗಪುರದಲ್ಲಿ ಗಂಡಸ್ತನದ ಮಾತ್ರೆ ನುಂಗಿದ ನೂರಕ್ಕೂ ಹೆಚ್ಚು ಜನ ಲೋ ಶುಗರ್ ಆಗಿ ಆಸ್ಪತ್ರೆ ಸೇರಿದರು, ನಾಲ್ವರು ಸತ್ತರು. ಒಳಗೆ ಕಲಬೆರಕೆಯಾಗಿದ್ದದ್ದು ಗ್ಲೈಬೆನ್‌ಕ್ಲಮೈಡ್, ಅಪ್ಪಟ ಇಂಗ್ಲಿಷ್ ಶುಗರ್ ಮಾತ್ರೆ. ಅದೇ ವರ್ಷ ಅಮೆರಿಕದಲ್ಲಿ ಇಂಟರ್‌ನೆಟ್ಟಿನಲ್ಲಿ ಮಾರುತ್ತಿದ್ದ ಆಯುರ್ವೇದದ ಸರಕು ತರಿಸಿ ನೋಡಿದಾಗ ಐದರಲ್ಲಿ ಒಂದರಲ್ಲಿ ಸೀಸವೋ ಪಾದರಸವೋ ಆರ್ಸೆನಿಕ್ಕೋ ಸಿಕ್ಕಿತು.

ತಮಾಷೆ ಬಿಟ್ಟು ಒಂದು ಮಾತು. ಇನ್ಸುಲಿನ್ ಮೇಲೇ ಬದುಕಿರುವ ಮಕ್ಕಳಿಗೆ ಯಾರದೋ ಕಷಾಯ ನಂಬಿ ಇಂಜೆಕ್ಷನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೇ ಕುತ್ತು ಬರುತ್ತದೆ. ಬಸುರಿಯರೂ ಕಿಡ್ನಿ ತೊಂದರೆ ಇರುವವರೂ ಈ ಪುಡಿಗಳ ಸುದ್ದಿಗೇ ಹೋಗಬಾರದು. ಆಪರೇಷನ್ ಇದ್ದರೆ ಏನೇನು ತೆಗೆದುಕೊಳ್ಳುತ್ತಿದ್ದೀರಿ ಅಂತ ವಾರಗಳ ಮುಂಚೆಯೇ ಹೇಳಬೇಕು.

ಆದರೆ ಹೇಳುವವರು ಯಾರು? "ಬೇರೆ ಏನಾದ್ರೂ ತಗೋತಿದ್ದೀರಾ?" ಅಂತ ಡಾಕ್ಟರು ಕೇಳಿದರೆ ಭಾವ "ಏನೂ ಇಲ್ಲ ಡಾಕ್ಟ್ರೇ" ಅಂದರು. ಅಕ್ಕ ವ್ಯಾನಿಟಿ ಬ್ಯಾಗಿನಿಂದ ಒಂದೊಂದೇ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಬೈಯಲಿಲ್ಲ, ಪಾಪ. "ಬೇಕೇ ಬೇಕು ಅನ್ನೋದಾದ್ರೆ ಒಂದನ್ನ ಇಟ್ಕೊಳ್ಳಿ, ಲೈಸೆನ್ಸ್ ನಂಬರ್ ಇರೋದು. ಮಾತ್ರೆ ನೀವಾಗಿ ಬಿಡಬೇಡಿ, ಡೋಸ್ ನಾನು ನೋಡ್ತೀನಿ. ಬೆಳಿಗ್ಗೆ, ಊಟ ಆಗಿ ಎರಡು ಗಂಟೆಗೆ ಮೀಟರಲ್ಲಿ ನೋಡಿ ಬರ್ಕೊಂಡು ಬನ್ನಿ" ಅಂದರು.

ಭಾವ ರಟ್ಟಿನ ಹೊದಿಕೆಯ ಪುಸ್ತಕವನ್ನೇ ಕೊಂಡರು, ಗೆರೆ ಎಳೆದರು, ಬರೆದರು. ಒಂದು ದಿನವೂ 130 ದಾಟಿಲ್ಲ. ಆಮೇಲೆ ಎಚ್‌ಬಿಎ1ಸಿ ಬಂತು. ಅದು ಶೆಟ್ಟರ ಅಂಗಡಿಯ ಉದ್ರಿ ಪುಸ್ತಕದ ಹಾಗೆ, ಮೂರು ತಿಂಗಳದ್ದೂ ಒಟ್ಟಿಗೆ ಹೇಳುತ್ತದೆ: 8.4, ಹತೋಟಿ ತಪ್ಪಿದ ಲೆಕ್ಕ.

ಡಾಕ್ಟರು ಎರಡೂ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟರು. ಭಾವ ಗಂಟಲು ಸರಿಮಾಡಿಕೊಂಡು, "ಚೆನ್ನಾಗಿ ಬಂದ ದಿನದ್ದು ಮಾತ್ರ ಬರೀಬೇಕು ಅಂದ್ಕೊಂಡಿದ್ದೆ" ಅಂದರು.