ಹಕೀಮ ನಂಜುಂಡ ಮತ್ತು ಡಾಕ್ಟರ್ ಸ್ಟ್ರೇಂಜ್: ಕಪಿಲಾ–ಕಾವೇರಿ ಸೀಮೆಯ ಅಭಿಮಾನಿ ಮೀಮಾಂಸೆ

2016ರ ನವೆಂಬರ್ 4ರಂದು ತೆರೆಕಂಡ ‘ಡಾಕ್ಟರ್ ಸ್ಟ್ರೇಂಜ್’ ಎಂಬ ಹಾಲಿವುಡ್ ಚಿತ್ರದ ನಾಯಕ ಯಾವ ತಾಲ್ಲೂಕಿನವನು ಎಂಬ ಪ್ರಶ್ನೆಯನ್ನು ವಿದ್ವಾಂಸರು ಇದುವರೆಗೆ ಎತ್ತಿಯೇ ಇಲ್ಲ. ಪಾಶ್ಚಾತ್ಯ ಪಂಡಿತರು ಅವನನ್ನು ನ್ಯೂಯಾರ್ಕಿನವನೆಂದು ನಂಬಿ ಕೈತೊಳೆದುಕೊಂಡಿದ್ದಾರೆ. ಸ್ಟೀವ್ ಡಿಟ್ಕೊ ಎಂಬ ಚಿತ್ರಕಾರ 1963ರಲ್ಲಿ ಕಾಮಿಕ್ ಪುಸ್ತಕಕ್ಕಾಗಿ ಅವನ ಚಿತ್ರ ಬರೆದನೆಂಬುದೇ ಅವರ ಆಧಾರ. ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳ ಅಭಿಮಾನಿ ವಲಯದಲ್ಲಿ ಈ ಆಧಾರಕ್ಕೆ ಕವಡೆ ಕಿಮ್ಮತ್ತಿಲ್ಲ. ಅವನು ಈ ಕಡೆಯವನೇ ಎಂಬುದರಲ್ಲಿ ಎರಡೂ ತಾಲ್ಲೂಕಿಗೆ ಒಮ್ಮತವಿದೆ. ಜಗಳವೇನಿದ್ದರೂ ಯಾವ ತಾಲ್ಲೂಕು ಎಂಬುದರಲ್ಲಿ.

ಪ್ರಸ್ತುತ ಪ್ರಬಂಧದ ಸಾಮಗ್ರಿಯನ್ನು ಬಸ್ ಸ್ಟ್ಯಾಂಡಿನ ಟೀ ಅಂಗಡಿ, ಕಟಿಂಗ್ ಶಾಪು ಮತ್ತು ಮೈಸೂರಿನ ಮಾಲುಗಳಿಂದ ಕೊನೇ ಬಸ್ಸಿಗೆ ಮರಳುವವರ ಮಾತಿನಿಂದ ಸಂಗ್ರಹಿಸಲಾಗಿದೆ. ಜಾನಪದ ಶಾಸ್ತ್ರದ ಶಿಷ್ಟಾಚಾರದಂತೆ ವಕ್ತೃಗಳ ಹೆಸರು, ವಯಸ್ಸು ಕೊಡಬೇಕಾಗಿತ್ತು. ಅವರಲ್ಲಿ ಅನೇಕರು ಮನೆಯಲ್ಲಿ ಟ್ಯೂಷನ್ನಿಗೆ ಹೋಗುತ್ತೇವೆಂದು ಹೇಳಿ ಸಿನಿಮಾಕ್ಕೆ ಹೋದವರಾದ್ದರಿಂದ ಕೈಬಿಟ್ಟಿದೆ.

ಮೊದಲು ನಂಜನಗೂಡು ಪಂಥ. ಚಿತ್ರದ ನಾಯಕ ಮಿದುಳಿನ ಆಪರೇಷನ್ ಮಾಡುವ ವೈದ್ಯ. ಮುಂದೆ ಮಂತ್ರವಿದ್ಯೆ ಕಲಿತು ಲೋಕ ಕಾಯುತ್ತಾನೆ. ವೈದ್ಯನೂ ಹೌದು, ಅಲೌಕಿಕನೂ ಹೌದು ಎಂಬ ಈ ಜೋಡಿ ಹುದ್ದೆ ಪ್ರಪಂಚದಲ್ಲಿ ಮೊದಲು ಮಂಜೂರಾದದ್ದೆಲ್ಲಿ? ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ಹೋದಾಗ ನಂಜುಂಡೇಶ್ವರನಿಗೆ ಹರಕೆ ಹೊತ್ತು, ಕಣ್ಣು ಬಂದ ಮೇಲೆ ಸುಲ್ತಾನ ಪಚ್ಚೆಲಿಂಗ ಒಪ್ಪಿಸಿ ಸ್ವಾಮಿಯನ್ನು ‘ಹಕೀಮ ನಂಜುಂಡ’ನೆಂದು ಕರೆದನೆಂಬ ಕಥೆ ಊರಿನ ಹಸುಳೆಗೂ ಗೊತ್ತು. ಇಲ್ಲಿ ಪದವಿ ಪ್ರದಾನಕ್ಕೆ ಸುಲ್ತಾನನೇ ಖುದ್ದಾಗಿ ನಿಂತಿದ್ದ. ಸ್ಟ್ರೇಂಜನ ಘಟಿಕೋತ್ಸವಕ್ಕೆ ಯಾರು ಬಂದಿದ್ದರೆಂಬುದನ್ನು ಚಿತ್ರದಲ್ಲಿ ತೋರಿಸಿಯೇ ಇಲ್ಲ. ಉಪಪತ್ತಿಯಾಗಿ ಈ ಪಂಥದವರು 1913ರಲ್ಲಿ ಬಿ.ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯನ್ನೂ ನಂಜನಗೂಡು ಹಲ್ಲುಪುಡಿಯನ್ನೂ ಮುಂದಿಡುತ್ತಾರೆ. ಹಲ್ಲುಪುಡಿಗೂ ಚಿತ್ರದಲ್ಲಿ ಬರುವ ಕನ್ನಡಿ ಲೋಕಕ್ಕೂ ಏನು ಸಂಬಂಧವೆಂದು ಕೇಳಿದ್ದಕ್ಕೆ, ಹಲ್ಲುಜ್ಜುವುದು ಕನ್ನಡಿ ಮುಂದೆಯೇ ಅಲ್ಲವೆ ಎಂದು ಒಬ್ಬ ವಕ್ತೃ ಮರುಪ್ರಶ್ನೆ ಹಾಕಿದ. ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ.

ಅಪಘಾತದಲ್ಲಿ ಕೈಯ ನರಗಳು ಜಜ್ಜಿಹೋಗಿ, ಇದ್ದಬದ್ದ ದುಡ್ಡೆಲ್ಲ ಆಸ್ಪತ್ರೆಗೆ ಸುರಿದ ಮೇಲೆ ಸ್ಟ್ರೇಂಜ್ ಕಠ್ಮಂಡುವಿಗೆ ಹೋಗುತ್ತಾನೆ. ಈ ದೃಶ್ಯ ಬಂದಾಗ ನಂಜನಗೂಡಿನ ಅಭಿಮಾನಿಯ ಹೊಟ್ಟೆ ಉರಿಯುತ್ತದೆ. “ಅಷ್ಟು ದೂರ ಯಾಕ್ ಹೋಗ್ಬೇಕಿತ್ತು ಸಾ? ಮೈಸೂರಲ್ಲಿ ಇಳ್ದು ಬಸ್ ಹತ್ತಿದ್ರೆ ಇಪ್ಪತ್ತಮೂರು ಕಿಲೋಮೀಟ್ರು. ಕಪಿಲೇಲಿ ಮುಳುಗೆದ್ದು ಉರುಳುಸೇವೆ ಮಾಡಿದ್ರೆ ಕೈ ನೆಟ್ಟಗಾಯ್ತಿತ್ತು.” ತಾಯಿಯನ್ನು ಕೊಂದ ಪಾಪ ತೊಳೆಯಲು ಪರಶುರಾಮನೇ ಬಂದ ಹೊಳೆ ಅದು. ಕಾರು ಓಡಿಸುತ್ತ ಮೊಬೈಲ್ ನೋಡಿದ ಪಾಪ ಅದಕ್ಕೆ ಯಾವ ಲೆಕ್ಕ?

ಟಿ. ನರಸೀಪುರ ಪಂಥ ಇದಷ್ಟನ್ನೂ ‘ಬರೀ ಔಷಧಿ ಮಾತು’ ಎಂದು ತಳ್ಳಿಹಾಕುತ್ತದೆ. ಚಿತ್ರದ ಜೀವ ಇರುವುದು ಬೆರಳಿನಲ್ಲಿ. ಮಂತ್ರವಾದಿಗಳು ಬೆರಳು ಮಡಿಚಿ, ಚಾಚಿ, ಗಾಳಿಯಲ್ಲಿ ಕಿತ್ತಳೆ ಬಣ್ಣದ ಕಿಡಿಯ ಚಕ್ರ ಬರೆದು ಅದರೊಳಗಿಂದ ಇನ್ನೊಂದು ದೇಶಕ್ಕೆ ದಾಟಿಕೊಳ್ಳುತ್ತಾರೆ. ಇನ್ನು ತಿರುಮಕೂಡಲಿನ ಗುಂಜಾ ನರಸಿಂಹಸ್ವಾಮಿಯನ್ನು ನೋಡಿ. ಹೆಬ್ಬೆರಳು, ತೋರುಬೆರಳ ನಡುವೆ ಒಂದು ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರದ ಪುಣ್ಯ ಒಂದು ಗುಲಗಂಜಿ ತೂಕ ಹೆಚ್ಚೆಂಬುದಕ್ಕೆ ಸ್ವಾಮಿ ಹಿಡಿದಿಟ್ಟ ಸಾಕ್ಷಿ ಅದು. “ಆ ಬೆರಳು ನೋಡಿದ್ರಾ? ನಮ್ ಸ್ವಾಮೀದೇ ಕನ್ ಸಾ. ಗುಲಗಂಜಿ ಒಂದ್ ಬುಟ್ಬುಟ್ಟವ್ರೆ” ಎಂದು ಹೂವಿನಂಗಡಿಯ ಹುಡುಗ ತನ್ನ ಬೆರಳನ್ನೇ ಹಾಗೆ ಹಿಡಿದು ತೋರಿಸಿದ. ನಡುವೆ ಒಂದು ಸೇವಂತಿಗೆ ದಳ ಇತ್ತು.

ಕನ್ನಡಿ ಲೋಕದ ವಿಷಯದಲ್ಲಿ ಈ ಪಂಥದ ವಾದ ಇನ್ನೂ ಗಟ್ಟಿ. ಆ ಲೋಕದೊಳಗೆ ಏನೇ ರಂಪವಾದರೂ ಹೊರಗಿನ ಲೋಕದ ಕಣ್ಣಿಗೆ ಬೀಳದೆಂದು ಚಿತ್ರ ಹೇಳುತ್ತದೆ. ತಿರುಮಕೂಡಲಿನ ಸಂಗಮದಲ್ಲಿ ಕಾವೇರಿ ಕಾಣುತ್ತಾಳೆ, ಕಪಿಲೆ ಕಾಣುತ್ತಾಳೆ, ಮೂರನೆಯದಾದ ಸ್ಫಟಿಕ ಸರೋವರ ಕಾಣುವುದಿಲ್ಲ. ಕಾಣದ ಅದನ್ನೂ ಲೆಕ್ಕಕ್ಕೆ ಹಿಡಿದೇ 1989ರಿಂದ ಅಲ್ಲಿ ಕುಂಭಮೇಳ ನಡೆಯುತ್ತಿದೆ. 2025ರ ಫೆಬ್ರವರಿಯಲ್ಲೂ ನಡೆಯಿತು. ಕಾಣದ ನೀರಿನಲ್ಲಿ ಇಷ್ಟೊಂದು ಜನರನ್ನು ಮೀಯಿಸಿದ ಗ್ರಾಫಿಕ್ಸ್ ಕಂಪನಿ ಇದ್ದರೆ ಹೆಸರು ಹೇಳಿ ಎಂದು ಅವರ ಸವಾಲು.

ನ್ಯೂಯಾರ್ಕಿನ ಬೀದಿಗಳು ಮಡಿಚಿ, ಕಟ್ಟಡದ ಮೂಲೆಯೊಳಗಿಂದ ಮೂಲೆ ಹುಟ್ಟಿ, ನೆಲ ಗೋಡೆಯಾಗಿ ಗೋಡೆ ಸೂರಾಗುವ ದೃಶ್ಯವೇ ಈ ಚಿತ್ರಕ್ಕೆ ಹೆಸರು ತಂದದ್ದು. ನರಸೀಪುರದವರು ಇದಕ್ಕೆ ತಮ್ಮ ತಾಲ್ಲೂಕಿನ ಸೋಮನಾಥಪುರವನ್ನು ತೋರಿಸುತ್ತಾರೆ. ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯದ ನಕ್ಷತ್ರಾಕಾರದ ಜಗತಿಯ ಮೇಲೆ ಪ್ರದಕ್ಷಿಣೆ ಬಂದರೆ ಹೆಜ್ಜೆಗೊಂದು ಮೂಲೆ ತೆರೆದು ಹಿಂದಿನದು ಮುಚ್ಚಿಕೊಳ್ಳುತ್ತದೆ. ಪ್ರಬಂಧಕಾರ ಇಲ್ಲಿ ಪಾಂಡಿತ್ಯದ ಪೀಠದಿಂದ ಇಳಿದು ಒಂದು ಮಾತು ಹೇಳಬೇಕು. ಈ ವಾದ ತಮಾಷೆಯದಲ್ಲ. ಸೋಮನಾಥಪುರದಲ್ಲಿ ಮಲ್ಲಿತಮ್ಮನೆಂಬ ರೂವಾರಿ ತಾನು ಕಡೆದ ವಿಗ್ರಹಗಳ ಪೀಠದಲ್ಲಿ ತನ್ನ ಹೆಸರು ಕೊರೆದಿದ್ದಾನೆ. ಸ್ಟ್ರೇಂಜ್ ಚಿತ್ರದ ಕೊನೆಯಲ್ಲೂ ಗ್ರಾಫಿಕ್ಸ್ ಮಾಡಿದವರ ಹೆಸರು ಸಾಲುಸಾಲಾಗಿ ಓಡುತ್ತದೆ. ಅಭಿಮಾನಿಗಳು ಎದ್ದುಹೋಗದೆ ಕೂತಿರುತ್ತಾರೆ ನಿಜ. ಅದು ನಡುವೆ ಬರುವ ಥಾರ್‌ನ ತುಣುಕು ದೃಶ್ಯಕ್ಕಾಗಿ. ಹೆಸರು ಓದುವವರಿಲ್ಲ. ದೇವಸ್ಥಾನಕ್ಕೆ 2023ರಲ್ಲಿ ಯುನೆಸ್ಕೊ ಪಟ್ಟ ಬಂತು, ಫೋಟೊ ತೆಗೆಸಿಕೊಳ್ಳುವವರು ಹೆಚ್ಚಿದರು. ಮಲ್ಲಿತಮ್ಮನ ಅಕ್ಷರಗಳ ಕಡೆಗೆ ಅವರ ಬೆನ್ನು.

ತಲಕಾಡು ಟಿ. ನರಸೀಪುರ ತಾಲ್ಲೂಕಿಗೇ ಸೇರಿದ್ದರೂ ಅಲ್ಲಿನದು ಸ್ವತಂತ್ರ ಪಂಥ. ಹಿರಿಯ ಹೆಂಗಸರೇ ಅದರ ಆಚಾರ್ಯರು. ತಲ, ಕಾಡ ಎಂಬ ಬೇಡರು ಮರಕ್ಕೆ ಕೊಡಲಿ ಹಾಕಿದಾಗ ರಕ್ತ ಸುರಿದು, ಅದೇ ಮರದ ಸೊಪ್ಪು, ಕಾಯಿ ಹಚ್ಚಿ ಗಾಯ ಮಾಯಿಸುವಂತೆ ಅಪ್ಪಣೆಯಾಯಿತಂತೆ. ತನಗೆ ತಾನೇ ಮದ್ದು ಹೇಳಿಕೊಂಡ ಆ ಶಿವ ವೈದ್ಯೇಶ್ವರನಾದ. ಕೈ ಹೋದ ಡಾಕ್ಟರು ಊರೂರಿನ ಡಾಕ್ಟರ ಬಾಗಿಲು ತಟ್ಟಿದ್ದೇ ತಪ್ಪು ಎಂಬುದು ಇವರ ಮೊದಲ ಆಕ್ಷೇಪ. ಎರಡನೆಯದು ಕ್ಲೈಮ್ಯಾಕ್ಸಿನ ಮೇಲೆ. ಅಲ್ಲಿ ಸ್ಟ್ರೇಂಜ್ ಕಾಲಕ್ಕೇ ಕುಣಿಕೆ ಹಾಕಿ, ಡೊರ್ಮಾಮು ಎಂಬ ಕತ್ತಲ ಲೋಕದ ಒಡೆಯನೆದುರು ಸತ್ತು ಸತ್ತು ಮತ್ತೆ ಬಂದು, ಮಾತುಕತೆಗೆ ಬಂದಿದ್ದೇನೆಂದು ಅದನ್ನೇ ಹೇಳುತ್ತಾನೆ. ಎದುರಿನವನು ಬೇಸತ್ತು ಸೋಲೊಪ್ಪುತ್ತಾನೆ. ಹುಡುಗರು ಇಲ್ಲಿ ಶಿಳ್ಳೆ ಹೊಡೆಯುತ್ತಾರೆ. ವೃದ್ಧಾಪ್ಯ ವೇತನಕ್ಕೆ ಅಲೆದವರು ಹೊಡೆಯುವುದಿಲ್ಲ. ಒಂದೇ ಅರ್ಜಿ ಹಿಡಿದು ಒಂದೇ ಮಾತು ಹೇಳಿ ಎದುರಿನವನನ್ನು ಸುಸ್ತು ಮಾಡುವುದು ಅವರ ಪ್ರಕಾರ ಮಂತ್ರವಿದ್ಯೆಗೆ ಸೇರುವುದಿಲ್ಲ.

“ನಮ್ಮ ಅಲಮೇಲಮ್ಮ ಮಾತುಕತೆಗೆ ನಿಂತ್ಳಾ?” ಎಂದು ಅವರ ಪ್ರಶ್ನೆ. ಒಡವೆ ಕೇಳಲು ರಾಜ ಒಡೆಯರ ಆಳುಗಳು ಬೆನ್ನಟ್ಟಿದಾಗ ಆಕೆ ತಲಕಾಡು ಮರಳಾಗಲೆಂಬುದೂ ಸೇರಿ ಮೂರು ಶಾಪ ಹಾಕಿ ಹೊಳೆಗೆ ಹಾರಿದಳು, ಮುಗಿಯಿತು. ಮಾಧವಮಂತ್ರಿ ಕಟ್ಟೆಯಿಂದ ನೀರಿನ ಹರಿವು ತಗ್ಗಿ, ಬಯಲಾದ ಮರಳನ್ನು ಗಾಳಿ ಊರ ಮೇಲೆ ತಂದು ಸುರಿಯಿತೆಂದು ವಿಜ್ಞಾನಿಗಳು ವಾದಿಸಿದ್ದುಂಟು. ಅಭಿಮಾನಿಗೆ ಅದು ಮೇಕಿಂಗ್ ವಿಡಿಯೋ ಮಾತ್ರ. ಅವನು ಟಿಕೆಟ್ ತೆಗೆದದ್ದು ಸಿನಿಮಾಕ್ಕೆ.

ಈಗ ಪ್ರತಿಕ್ರಿಯೆಗಳ ಲಕ್ಷಣ. ಅತಿ ಸಾಮಾನ್ಯವಾದದ್ದು ‘ಕತ್ತೋರೆ’. ಪರದೆಯ ಮೇಲೆ ಊರು ಎಡಕ್ಕೆ ವಾಲಿದರೆ ಪ್ರೇಕ್ಷಕನ ಕತ್ತು ಬಲಕ್ಕೆ ವಾಲುತ್ತದೆ. ತ್ರೀಡಿ ಆಟದಲ್ಲಿ ಇದು ತೀವ್ರ. ಸೋಡಾಬುಡ್ಡಿ ಕನ್ನಡಕದ ಮೇಲೆ ತ್ರೀಡಿ ಕನ್ನಡಕ ಏರಿಸಿದ ನಿವೃತ್ತ ಮೇಷ್ಟರೊಬ್ಬರು ಒಂದು ಕೈಯಲ್ಲಿ ಎರಡನ್ನೂ ಮೂಗಿಗೆ ಒತ್ತಿಹಿಡಿದು, ಇನ್ನೊಂದರಲ್ಲಿ ಸೀಟಿನ ಹಿಡಿ ಎಂದು ತಿಳಿದು ಪಕ್ಕದವರ ಮೊಣಕೈ ಹಿಡಿದಿದ್ದರು. ಊರು ನೆಟ್ಟಗಾದ ಮೇಲೂ ಬಿಡಲಿಲ್ಲ. ಹೊರಗೆ ಬಂದು ಕೇಳಿದರೆ, “ಪರವಾಗಿಲ್ಲ. ಆದ್ರೆ ಮಾಯಾಬಜಾರಲ್ಲಿ ರಂಗರಾಯರ ಬಾಯಿಗೆ ಲಾಡು ತಾನಾಗೇ ಹಾರಿ ಬರ್ತಿತ್ತು, ಕಂಪ್ಯೂಟರ್ ಎಲ್ಲಿತ್ತು ಆಗ?” ಎಂದರು. 1957ರ ಆ ಲಾಡು ಇಂದಿಗೂ ಈ ಸೀಮೆಯಲ್ಲಿ ಮಾಯೆಯ ಅಳತೆಗೋಲು. ಸ್ಟ್ರೇಂಜ್ ಗ್ರಾಫಿಕ್ಸ್ ವಿಭಾಗದ ಆಸ್ಕರನ್ನು ‘ದಿ ಜಂಗಲ್ ಬುಕ್’ಗೆ ಸೋತದ್ದನ್ನು ಹೆಡಿಯಾಲ ಕಡೆಯವರು ಸಹಜ ನ್ಯಾಯವೆಂದೇ ಬಗೆದರು, ಹುಲಿಯ ಮುಂದೆ ಮಂತ್ರ ನಡೆಯದೆಂಬುದು ಬಂಡೀಪುರದ ಅಂಚಿನವರ ಅನುಭವ.

ಆ ಹಂಗಾಮಿನ ನಿಜವಾದ ಮಾಯೆ ಬೇರೆಯದಿತ್ತೆಂಬ ವಾದವನ್ನೂ ದಾಖಲಿಸಬೇಕು. ಸ್ಟ್ರೇಂಜ್ ಬರುವ ಮೂರು ವಾರ ಮೊದಲು, ಅಕ್ಟೋಬರ್ 14ರಂದು, ಕೋಡಿ ರಾಮಕೃಷ್ಣ ನಿರ್ದೇಶನದ ‘ನಾಗರಹಾವು’ ಬಂತು. 2009ರ ಡಿಸೆಂಬರ್ 30ರಂದು ತೀರಿಕೊಂಡಿದ್ದ ವಿಷ್ಣುವರ್ಧನ್ ಅದರಲ್ಲಿ ಗ್ರಾಫಿಕ್ಸ್ ಮೂಲಕ ಎದ್ದು ಬಂದರು. ಮೈಸೂರಿನಲ್ಲಿ ಹುಟ್ಟಿದ ನಟ. ಈ ಕಡೆಯ ಅಭಿಮಾನಿಗೆ ಮನೆಮಗ. ಮುಖ ಸ್ವಲ್ಪ ಮೇಣದಂತಿದೆ ಎಂದು ಗೊಣಗಿದವನೂ ಕಣ್ಣೊರೆಸಿಕೊಂಡ. ಕನ್ನಡಿ ಲೋಕ, ಕಾಲದ ಕುಣಿಕೆ ಎಲ್ಲ ಸರಿ, ಸತ್ತ ಯಜಮಾನರನ್ನು ಕರೆತರುತ್ತಾನಾ ನಿಮ್ಮ ಸ್ಟ್ರೇಂಜು ಎಂಬುದು ಅವನ ವಾದ. ಆ ಅಭಿಮಾನಿಯೇ ಸೇರಿಸುವ ಟಿಪ್ಪಣಿ ಒಂದಿದೆ: ಅವರು ಗ್ರಾಫಿಕ್ಸ್‌ನಲ್ಲಿ ತೆರೆಗೆ ಮರಳಲು ಸುಮಾರು ಏಳು ವರ್ಷ ಹಿಡಿಯಿತು, ಮೈಸೂರು ಬಳಿಯ ಹಾಲಾಳುವಿನಲ್ಲಿ ಸ್ಮಾರಕ ತೆರೆಯಲು 2023ರ ಜನವರಿಯವರೆಗೆ ಕಾಯಬೇಕಾಯಿತು. ಇನ್ನೊಂದು ಮಾಯೆ ಸ್ಟ್ರೇಂಜ್ ಬಂದ ನಾಲ್ಕು ದಿನಕ್ಕೆ, ನವೆಂಬರ್ 8ರ ರಾತ್ರಿ ನಡೆಯಿತು. ಜೇಬಿನಲ್ಲಿದ್ದ 500, 1000ದ ನೋಟುಗಳು ಇದ್ದಲ್ಲೇ ಇದ್ದು ಇಲ್ಲವಾದವು. ಅದಕ್ಕೆ ತ್ರೀಡಿ ಕನ್ನಡಕವೂ ಬೇಕಾಗಲಿಲ್ಲ.

‘ಮೈಮೇಲೆ ಬರುವ’ ಪ್ರತಿಕ್ರಿಯೆ ಈ ಸೀಮೆಯಲ್ಲಿ ಕಂಡುಬಂದಿಲ್ಲ. ‘ಕಾಂತಾರ’ದ ಎರಡನೇ ಚಿತ್ರ 2025ರಲ್ಲಿ ಬಂದಾಗ ಕೆಲವರು ದೈವದಂತೆ ವೇಷ ಹಾಕಿ, ಕೂಗಿ ಕುಣಿಯತೊಡಗಿ, ಹಾಗೆ ಅನುಕರಿಸಬೇಡಿರೆಂದು ನಿರ್ಮಾಪಕರಾದ ಹೊಂಬಾಳೆ ಸಂಸ್ಥೆಯೇ ಮನವಿ ಮಾಡಬೇಕಾಯಿತು. ಸ್ಟ್ರೇಂಜ್ ಮೈಮೇಲೆ ಬಂದವರಿಲ್ಲ. ಬಂದರೆ ಇಂಗ್ಲಿಷ್ ಮಾತಾಡಬೇಕಾಗುತ್ತದೆಂಬ ಅಂಜಿಕೆ ಕಾರಣವಿರಬಹುದು.

ಪೂರ್ವಪಕ್ಷದವರು ಕೇಳಬಹುದು: ಕಂಡದ್ದನ್ನೆಲ್ಲ ‘ಇದು ನಮ್ಮಲ್ಲಿ ಮೊದಲೇ ಇತ್ತು’ ಎನ್ನುವುದು ಬರೀ ಜಂಬವಲ್ಲವೆ? ಪುಷ್ಪಕ ವಿಮಾನ ತೋರಿಸಿ ಏರೋಪ್ಲೇನಿಗೆ ಹಕ್ಕು ಹೂಡುವವರ ಜಾತಿಯದಲ್ಲವೆ ಇದು? ಅಲ್ಲ. ಅವರಿಗೆ ಏರೋಪ್ಲೇನು ಕಂಡರೆ ಅಸೂಯೆ, ಇವರಿಗೆ ಸಿನಿಮಾ ಕಂಡರೆ ಪ್ರೀತಿ. ಕೆಟ್ಟ ಚಿತ್ರ ನೋಡಿ ಬಂದ ನಂಜನಗೂಡಿನವನು ‘ಇದು ನಮ್ಮೂರಲ್ಲೇ ಇತ್ತು’ ಎನ್ನುವುದಿಲ್ಲ. ‘ದುಡ್ಡು ದಂಡ ಕನ್ಲಾ’ ಎನ್ನುತ್ತಾನೆ. ಮೆಚ್ಚಿದ್ದನ್ನು ಮಾತ್ರ ಮನೆಗೆ ಸೇರಿಸಿಕೊಳ್ಳುತ್ತಾನೆ, ಹುಡುಗ ಒಳ್ಳೆಯವನೆಂದು ಕಂಡೊಡನೆ ನೆಂಟಸ್ತನ ಹುಡುಕುವಂತೆ.

ಆದ್ದರಿಂದ ಸಿದ್ಧಾಂತ ಇಷ್ಟು: ಡಾಕ್ಟರ್ ಸ್ಟ್ರೇಂಜ್ ವೃತ್ತಿಯಿಂದ ನಂಜನಗೂಡಿನವನು, ವಿದ್ಯೆಯಿಂದ ನರಸೀಪುರದವನು, ತಲಕಾಡಿನವರ ಆಕ್ಷೇಪವನ್ನು ಎದುರಿಸುವ ಧೈರ್ಯ ಪ್ರಬಂಧಕಾರನಿಗಿಲ್ಲ. ತೀರ್ಪು ಒಪ್ಪದವರು ಲಿಖಿತ ತಕರಾರು ಸಲ್ಲಿಸಬಹುದು. ಇಂಟರ್‌ವಲ್ಲಿಗೇ ಎದ್ದು ಬಸ್ಸಿಗೆ ಓಡಿದವರ ತಕರಾರನ್ನು ಮಾತ್ರ ಸ್ವೀಕರಿಸಲಾಗುವುದಿಲ್ಲ.